ಪೈಪಿನ ಇನ್ನೊಂದು ತುದಿ

ಕೋಕಿಲಾ ಬಕೆಟ್ಟಿನ ಅಷ್ಟೂ ನೀರನ್ನು ಒಂದೇ ಸಲಕ್ಕೆ ಸುರಿದುಬಿಟ್ಟರು. ಹೊಸ ಟೈಲ್ಸಿನ ಮೇಲೆ ನೀರು ಎಲ್ಲಿಗೆ ಹೋಗಲಿ ಎಂದು ಯೋಚಿಸುವಂತೆ ಒಂದು ಗಳಿಗೆ ನಿಂತು, ಆಮೇಲೆ ಮೋರಿಯ ಜಾಲರಿ ಇದ್ದ ಮೂಲೆಗೆ ಬೆನ್ನು ಹಾಕಿ ನೇರವಾಗಿ ಬಾಗಿಲ ಕಡೆಗೆ ಹೊರಟಿತು. ಅಲ್ಲಿ ನಿಂತಿದ್ದ ಟೈಲ್ಸ್ ಮೇಸ್ತ್ರಿ ಶೌಕತ್‌ನ ಚಪ್ಪಲಿ ನೆನೆಯಿತು, ಸೈಟ್ ಎಂಜಿನಿಯರ್ ಮಧುರಾಳ ಬೂಟು ನೆನೆಯಿತು. ಇನ್ನೇನು ಹೊಸ್ತಿಲು ದಾಟಿ ಮಲಗುವ ಕೋಣೆಗೆ ಇಳಿಯಬೇಕು, ಅಷ್ಟರಲ್ಲಿ ಹೆಣ್ಣಾಳು ಸಾಬಮ್ಮ ಸಿಮೆಂಟಿನ ಖಾಲಿ ಚೀಲವನ್ನು ಅಡ್ಡ ಹಾಕಿ ತಡೆದಳು. ನೀರು ಹೀಗೆಯೇ ಬರುತ್ತದೆಂದು ಅವಳಿಗೆ ಸೋಮವಾರದಿಂದಲೇ ಗೊತ್ತಿತ್ತು. ಅದಕ್ಕೇ ಚೀಲವನ್ನು ಮೊದಲೇ ಕೈಯಲ್ಲಿ ಹಿಡಿದು ನಿಂತಿದ್ದಳು.

"ಇದೇನ್ರೀ, ಸ್ನಾನದ ಮನೇನಾ ಹಲಸೂರು ಕೆರೇನಾ?" ಕೋಕಿಲಾ ಬಕೆಟ್ಟನ್ನು ದಢಾರನೆ ಕೆಳಗಿಟ್ಟರು. ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಜನರ ಕ್ಲೇಮುಗಳಲ್ಲಿ ತಪ್ಪು ಹುಡುಕಿ ನಿವೃತ್ತರಾದವರು. ಇಂದಿರಾನಗರದ ಹಿಂದಿನ ಅಡ್ಡರಸ್ತೆಯ ತಮ್ಮ ಹಳೆಯ ಮನೆಯ ಮೇಲೆ ಈಗ ಒಂದು ಮಹಡಿ ಏರಿಸುತ್ತಿದ್ದರು. "ಒಂದನೇ ತಾರೀಕು ಬಾಡಿಗೆಯವ್ರು ಬರ್ತಾರೆ. ಅವ್ರಿಗೆ ಏನು ಹೇಳ್ಲಿ? ಸ್ನಾನ ಮಾಡಿ, ಆದ್ರೆ ನೀರು ಮುಟ್ಬೇಡಿ ಅನ್ಲಾ?"

ಶೌಕತ್ ಕುಕ್ಕರುಗಾಲಿನಲ್ಲಿ ಕೂತು ಟೈಲ್ಸನ್ನು ಅಂಗೈಯಿಂದ ಸವರಿದ. "ಅರೆ, ಒಂದೇ ಸಲ ಇಷ್ಟು ನೀರು ಯಾರಮ್ಮ ಹಾಕ್ತಾರೆ? ಮನುಷ್ಯ ಸ್ನಾನ ಮಾಡೋದು ಚೊಂಬಲ್ಲಿ."

"ಚೊಂಬಲ್ಲಿ ಹಾಕಿದ್ರೆ ನೀರು ಮೇಲಕ್ಕೆ ಹತ್ತುತ್ತಾ?"

"ಹಾಗಲ್ಲಮ್ಮ. ಈ ಟೈಲ್ಸೇ ಸ್ವಲ್ಪ ಬಾಗಿದೆ. ಈಗ ಬರೋ ಮಾಲು ಎಲ್ಲಾ ಹೀಗೇ." ಟೈಲ್ಸನ್ನು ಆರಿಸಿ ತಂದವರು ತಾವೇ ಎಂಬುದನ್ನು ಕೋಕಿಲಾ ನೆನಪಿಸಿದ ಮೇಲೆ ಅವನು ಗೋಡೆಯ ಕಡೆಗೆ ತಿರುಗಿದ. "ಇಲ್ಲಾಂದ್ರೆ ಕೆಳಗಿನ ಹಳೇ ಮನೆ ಕೂತಿರ್ಬೇಕು. ಇಡೀ ಬಿಲ್ಡಿಂಗೇ ಈ ಕಡೆ ವಾಲಿದೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಹಾಸಿದವನು ಮಾತ್ರ ನೆಲವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಡೊಂಕು ಎನ್ನುತ್ತಿದ್ದ. ಸಾಬಮ್ಮ ಚೀಲವನ್ನು ಕಾಲಿನಿಂದ ಒತ್ತಿ ಹಿಡಿದು ನಿಂತಳು. ಇನ್ನು ಯಾರ ಸರದಿ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಟೈಲ್ಸ್ ಆಯಿತು, ಕಟ್ಟಡ ಆಯಿತು, ಇನ್ನು ಉಳಿದವಳು ತಾನೊಬ್ಬಳೇ.

"ಅದೂ ಅಲ್ಲಾಂದ್ರೆ ಪೈಪಿಂದು ಮಿಸ್ಟೇಕ್ ಮೇಡಂ," ಎಂದ ಶೌಕತ್, ಈ ಸಲ ಮಧುರಾಳಿಗೆ. "ಸೋಮವಾರ ಮಟ್ಟ ಹಿಡಿದಾಗ ಬಾಗ್ಲು ಹತ್ರ ಪೈಪ್ ಹಿಡ್ಕೊಂಡಿದ್ದು ಯಾರು? ಇವಳೇ ತಾನೆ? ಬೆರಳು ತೆಗ್ದೇ ಇಲ್ಲ. ನಂದು ಇಪ್ಪತ್ತೆರಡು ವರ್ಷದ ಕೈ."

ಮೂವರೂ ಸಾಬಮ್ಮನತ್ತ ತಿರುಗಿ ನೋಡಿದರು. ಬೆರಳು ತೆಗೆಯದವರು ಯಾರೆಂದು ಅವಳು ಸೋಮವಾರ ಕಣ್ಣಾರೆ ಕಂಡಿದ್ದಳು. ಬಾಯಿಬಿಟ್ಟು ಹೇಳಿಯೂ ಇದ್ದಳು.

ಮಟ್ಟ ಹಿಡಿಯುವುದು ದೊಡ್ಡ ವಿದ್ಯೆಯೇನಲ್ಲ. ನೀರು ತುಂಬಿದ ಒಂದು ಪಾರದರ್ಶಕ ಪೈಪು, ಅದಕ್ಕೆ ಎರಡು ತುದಿ. ಒಂದು ತುದಿಯನ್ನು ಬಾಗಿಲ ಚೌಕಟ್ಟಿನ ಮೇಲೆ ಮೊದಲೇ ಎಳೆದ ಗೆರೆಗೆ ಒಬ್ಬರು ಹಿಡಿದು ನಿಲ್ಲಬೇಕು. ಇನ್ನೊಂದು ತುದಿಯನ್ನು ಮೇಸ್ತ್ರಿ ಮೂಲೆಮೂಲೆಗೆ ಒಯ್ದು, ನೀರು ನಿಂತಲ್ಲಿ ಗೋಡೆಗೆ ಗೆರೆ ಎಳೆಯುತ್ತಾನೆ. ನಡೆಯುವಾಗ ನೀರು ಚೆಲ್ಲದಂತೆ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಬೇಕು, ನಿಂತ ಮೇಲೆ ಬೆರಳು ತೆಗೆಯಬೇಕು. ತೆಗೆಯದಿದ್ದರೆ ಒಳಗಿನ ನೀರು ಕದಲದೆ ಸುಳ್ಳು ಹೇಳುತ್ತದೆ. ಆ ಗೆರೆಯಿಂದ ಕೆಳಕ್ಕೆ ಅಳೆದು ನೆಲ ಹಾಸುವುದು. ಗೆರೆ ತಪ್ಪಿದರೆ ನೆಲವೂ ತಪ್ಪಿದ ಹಾಗೆಯೇ. ಇಷ್ಟು ಕೆಲಸದಲ್ಲಿ ಗೆರೆ ಎಳೆಯುವವನು ಮೇಸ್ತ್ರಿ, ಹಿಡಿದು ನಿಲ್ಲುವವಳು ಹೆಣ್ಣಾಳು. ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ಕಾನೂನಿಗಿಂತ ಗಟ್ಟಿ.

ಅಂದು ಜಾಲರಿಯ ಕಡೆಯ ಎರಡು ಮೂಲೆ ಮುಗಿಯುವ ಹೊತ್ತಿಗೆ ಶೌಕತ್‌ನ ಫೋನು ಬಡಿದುಕೊಂಡಿತ್ತು. ಭಾವಮೈದ ಅನೀಸ್ ಶಿವಾಜಿನಗರದಲ್ಲಿ ಯಾರದೋ ಹಳೆಯ ಸ್ಕೂಟರ್ ನೋಡುತ್ತ ನಿಂತಿದ್ದ. ಕೊಳ್ಳಲೋ ಬೇಡವೋ ಎಂಬುದನ್ನು ಭಾವನೇ ಹೇಳಬೇಕಿತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಸೊಟ್ಟಗೆ ಬಾಗಿ, ಪೈಪಿನ ಬಾಯಿಗೆ ಹೆಬ್ಬೆರಳನ್ನು ಒತ್ತಿಯೇ ಶೌಕತ್ ಬಾಗಿಲ ಕಡೆಯ ಮೂಲೆಗೆ ಬಂದ. ಸಾಬಮ್ಮನಿಂದ ಒಂದು ಮಾರು ದೂರ. "ಮೇಸ್ತ್ರಿ, ಹೆಬ್ಬಟ್ಟು ತಗೀರಿ," ಎಂದಳು. ಅವನು ಸುಮ್ಮನಿರು ಎಂದು ಗದ್ದ ಎತ್ತಿದ. "ಮೇಸ್ತ್ರಿ, ನೀರು ನಿಂತಿಲ್ರಿ," ಎಂದಳು. "ಸ್ಕೂಟರ್ ಸ್ಟಾರ್ಟ್ ಮಾಡಿಸಿ ಹೊಗೆ ನೋಡು," ಎಂದು ಅವನು ಅನೀಸ್‌ಗೆ ಹೇಳಿ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದ. ನಾಲ್ಕನೆಯ ಮೂಲೆಯಲ್ಲೂ ಅದೇ ಕಥೆ. ಫೋನಿಟ್ಟ ಮೇಲೆ ಅವಳು ಮೂರನೆಯ ಸಲ ಹೇಳಿದಾಗ, "ನೀನು ಹೋಗಿ ಮಾಲು ಕಲಸು ಸಾಬಮ್ಮ, ಇಂಜಿನಿಯರ್ ಆಗ್ಬೇಡ," ಎಂದಿದ್ದ.

ಹಾಗೆಂದು ಶೌಕತ್ ಕೆಟ್ಟವನೇನಲ್ಲ. ಹಬ್ಬದ ಮರುದಿನ ಡಬ್ಬಿ ತುಂಬ ಶೀರ್ ಕುರ್ಮಾ ತಂದು ಮೊದಲು ಅವಳಿಗೇ ಕೊಡುವವನು. ಗಾರೆ ಬಳಿಯುವ ಕರಣೆಯೊಂದನ್ನು ಮಾತ್ರ ಕೊಡಲಾರ.

ಕರಣೆ ಅವಳ ಹತ್ತಿರ ಇಲ್ಲದೆಯೇನೂ ಇರಲಿಲ್ಲ. ಕೆ.ಆರ್. ಪುರದಲ್ಲಿ ಹೆಂಗಸರಿಗೆಂದೇ ನಡೆದ ಗಾರೆ ಕೆಲಸದ ತರಬೇತಿಯಲ್ಲಿ ನಲವತ್ತೈದು ದಿನ ಇಟ್ಟಿಗೆ ಕಟ್ಟಿ, ಕೆಡವಿ, ಟೈಲ್ಸ್ ಹಾಸಿ, ಕಿತ್ತು ಕಲಿತಿದ್ದಳು. ಕೊನೆಯ ದಿನ ಒಂದು ಸರ್ಟಿಫಿಕೇಟು, ಒಂದು ಹಳದಿ ಟೋಪಿ, ಒಂದು ಕರಣೆ ಕೊಟ್ಟಿದ್ದರು. ಸರ್ಟಿಫಿಕೇಟು ಗರುಡಾಚಾರ್‌ಪಾಳ್ಯದ ಬಾಡಿಗೆ ಕೋಣೆಯ ಗೋಡೆಯ ಮೇಲಿದೆ. ಟೋಪಿಯಲ್ಲಿ ಮನೆಯವರು ಈರುಳ್ಳಿ ಹಾಕಿಡುತ್ತಾರೆ. ಕರಣೆ ಮಾತ್ರ ಹಳೆಯ ಲುಂಗಿಯ ತುಂಡಿನಲ್ಲಿ ಸುತ್ತಿಕೊಂಡು ಆರು ತಿಂಗಳಿಂದ ರೊಟ್ಟಿಯ ಬುತ್ತಿಯ ಕೆಳಗೆ ದಿನಾ ಸೈಟಿಗೆ ಬಂದು ದಿನಾ ಮನೆಗೆ ಹೋಗುತ್ತಿದೆ. "ಇವತ್ತರೆ ಹೊರಗ ಬಂತೇನ ನಿನ್ ಕರಣಿ?" ಎಂದು ಗಂಡ ಭೀಮಾಶಂಕರ ಸಂಜೆ ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಕಡೆಗೂ ಹೋದ ವಾರ ಮಧುರಾ ಮಾತು ಕೊಟ್ಟಿದ್ದಳು. ಇದೇ ಮಹಡಿಯಲ್ಲಿ ಹಿಂದುಗಡೆ ಇನ್ನೊಂದು ಚಿಕ್ಕ ಬಾತ್‌ರೂಮಿದೆ. ದೊಡ್ಡದು ಮುಗಿದ ಕೂಡಲೇ ಚಿಕ್ಕದಕ್ಕೆ ಮಟ್ಟ ಹಿಡಿಯುವುದರಿಂದ ಹಿಡಿದು ಕೊನೆಯ ಟೈಲ್ಸಿನವರೆಗೆ ಸಾಬಮ್ಮನದೇ ಕೆಲಸ, ಮೇಸ್ತ್ರಿ ಎಂದೇ ಹೆಸರು ಬರೆಸುತ್ತೇನೆ ಎಂದಿದ್ದಳು. ಆ ಚಿಕ್ಕ ಬಾತ್‌ರೂಮಿನ ಉದ್ದಗಲವನ್ನು ಸಾಬಮ್ಮ ಅಂದಿನಿಂದ ಗೇಣಿನಲ್ಲಿ ಎಷ್ಟು ಸಲ ಅಳೆದಿದ್ದಳೋ ಲೆಕ್ಕವಿಲ್ಲ.

ಈಗ ಅದೇ ಮಧುರಾ ಹಣೆ ಒತ್ತಿಕೊಂಡು ಕೇಳಿದಳು: "ಸಾಬಮ್ಮ, ಬೇಜಾರ್ ಮಾಡ್ಕೋಬೇಡಿ. ನೀವು ಬೆರಳು ತೆಗ್ದಿದ್ರಾ?"

"ಮೇಡಂ, ಬೆರಳು ತಗೀಲಾರದವ್ರು ಯಾರಂತ ಅವರಿಗೇ ಕೇಳ್ರಿ. ನಾ ಮೂರು ಸಲ ಹೇಳೀನಿ."

"ನೋಡಿ, ನೋಡಿ. ನನ್ ಮೇಲೇ ಹಾಕ್ತಾಳೆ!" ಶೌಕತ್ ಎದ್ದು ನಿಂತು ತನ್ನ ಚೀಲದ ಕಡೆ ಕೈ ಚಾಚಿದ. "ಇಪ್ಪತ್ತೆರಡು ವರ್ಷ ಆದ್ಮೇಲೆ ಹೆಣ್ಣಾಳು ಹತ್ರ ಪಾಠ ಕಲೀಬೇಕಾ? ಬೇರೆ ಮೇಸ್ತ್ರಿ ನೋಡ್ಕೊಳ್ಳಿ ಮೇಡಂ."

ಮಧುರಾ ಬಿಳಿಚಿಕೊಂಡಳು. ಮೂರು ಸೈಟುಗಳ ನಡುವೆ ಸ್ಕೂಟಿಯಲ್ಲಿ ಓಡಾಡುವ ಇಪ್ಪತ್ತಾರರ ಹುಡುಗಿ. 'ಸಾರ್ ಯಾವಾಗ ಬರ್ತಾರೆ ಮೇಡಂ' ಎಂದು ದಿನಕ್ಕೆ ಹತ್ತು ಜನರಿಂದ ಕೇಳಿಸಿಕೊಳ್ಳುವವಳು. ಟೈಲ್ಸ್ ಮೇಸ್ತ್ರಿಯೊಬ್ಬ ಎದ್ದು ಹೋದರೆ ಇನ್ನೊಬ್ಬ ಸಿಗಲು ತಿಂಗಳು ಹಿಡಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಸರಿ, ಯಾರ ತಪ್ಪು ಅನ್ನೋದು ಬಿಡಿ," ಎಂದಳು. "ಇದನ್ನ ಕಿತ್ತು ಮತ್ತೆ ಹಾಕಿ ಮೇಸ್ತ್ರಿ. ಟೈಮಿಲ್ಲ, ಚಿಕ್ಕ ಬಾತ್‌ರೂಮೂ ನೀವೇ ಮಾಡ್ಬಿಡಿ. ಸಾಬಮ್ಮ, ನಿಮ್ಗೆ ಮುಂದಿನ ಸೈಟಲ್ಲಿ ನೋಡೋಣ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಸಾಬಮ್ಮನಿಗೆ ಅಳು ಬರಲಿಲ್ಲ. ಅಳು ಬರುವಷ್ಟು ಜಾಗವನ್ನೂ ಸಿಟ್ಟು ಬಿಟ್ಟಿರಲಿಲ್ಲ. ಮುಂದಿನ ಸೈಟು, ಅದರ ಮುಂದಿನ ಸೈಟು, ಕರಣೆ ರೊಟ್ಟಿಯ ಕೆಳಗೇ ತುಕ್ಕು ಹಿಡಿಯುವ ತನಕ. ಅವಳು ಒದ್ದೆ ಚೀಲವನ್ನು ಪಕ್ಕಕ್ಕೆ ಒದ್ದು ಒಳಗೆ ಬಂದಳು.

"ಮೇಡಂ, ಈ ಖೋಲಿಗೆ ಮೂಲಿ ಎಷ್ಟು?"

"ಏನು?"

"ಮೂಲಿ ಎಷ್ಟ್ರಿ?"

"ನಾಲ್ಕು," ಎಂದರು ಕೋಕಿಲಾ.

"ನಾ ಬಾಗಲದಾಗ ಒಂದ ಕಡಿ ನಿಂತೀನಿ. ಒಂದು ಹೆಜ್ಜಿ ಕದಲಿಲ್ಲ. ನಾಕೂ ಮೂಲಿಗೆ ನಾನೇ ಹಿಡಿದೀನಿ. ನನ್ ಹೆಬ್ಬಟ್ಟ ಪೈಪಿನ ಮ್ಯಾಲ ಇದ್ದಿದ್ರ ನಾಕೂ ಗೆರಿ ತಪ್ಪಬೇಕಿತ್ತಲ್ರಿ? ಜಾಲರಿ ಕಡಿ ಎರಡು ಸರಿ ಅವ. ಬಾಗಲ ಕಡಿ ಎರಡೇ ತಪ್ಯಾವ. ನಡುವ ಫೋನ್ ಬಂತು. ಫೋನ್ ನಂದಲ್ರಿ, ನನ್ ಫೋನ್ ಚೀಲದಾಗ ಇತ್ತು."

ಶೌಕತ್ ಚೀಲದ ಜಿಪ್ಪನ್ನು ಅರ್ಧಕ್ಕೆ ಎಳೆದು ನಿಲ್ಲಿಸಿದ.

"ನಿಲ್ಲಿ, ನಿಲ್ಲಿ," ಎಂದರು ಕೋಕಿಲಾ. ಅವರ ಮುಖದಲ್ಲಿ ಮೂವತ್ತೊಂದು ವರ್ಷದ ಹಳೆಯ ಹುರುಪು ಕಾಣಿಸಿಕೊಂಡಿತು. "ಅವಳ ಮಾತಲ್ಲಿ ಪಾಯಿಂಟ್ ಇದೆ. ಗೋಡೆ ಮೇಲೆ ಗೆರೆ ಇನ್ನೂ ಹಾಗೇ ಇದೆಯಲ್ಲ. ಮತ್ತೆ ಹಿಡಿದು ನೋಡಿ. ಈಗ್ಲೇ, ನನ್ನೆದುರಿಗೇ."

ಶೌಕತ್ ಗೊಣಗುತ್ತ ಮೂಲೆಯಲ್ಲಿ ಸುತ್ತಿಟ್ಟ ಪೈಪನ್ನು ತಂದ. ಅಭ್ಯಾಸಬಲದಿಂದ ಒಂದು ತುದಿಯನ್ನು ಸಾಬಮ್ಮನಿಗೆ ಕೊಟ್ಟು ಇನ್ನೊಂದನ್ನು ಹಿಡಿದು ಒಳಗೆ ಹೊರಟ.

"ನೀವು ಬಾಗಲದಾಗ ನಿಂದರ್ರಿ ಮೇಸ್ತ್ರಿ," ಎಂದಳು ಅವಳು. "ಒಳಗ ನಾ ಹೋಗ್ತೀನಿ."

ಅವನು ಮಧುರಾಳ ಮುಖ ನೋಡಿದ. ಮಧುರಾ ಸೋಮವಾರದ ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು. "ನಿಂತ್ಕೊಳ್ಳಿ ಮೇಸ್ತ್ರಿ," ಎಂದಳು, ಈ ಕಡೆ ತಿರುಗದೆ.

ಶೌಕತ್ ಬಾಗಿಲ ಚೌಕಟ್ಟಿಗೆ ಪೈಪನ್ನು ಹಿಡಿದು ನಿಂತ. ಸಾಬಮ್ಮ ಜಾಲರಿಯ ಪಕ್ಕದ ಮೂಲೆಗೆ ಹೋಗಿ ತನ್ನ ಬೆರಳು ತೆಗೆದಳು. ನೀರು ಅಲ್ಲಾಡಲಿಲ್ಲ. ಪೈಪನ್ನು ತುಸು ಮೇಲೆತ್ತಿದಳು, ತುಸು ಇಳಿಸಿದಳು. ನೀರೂ ಅದರ ಜೊತೆಗೇ ಏರಿತು, ಇಳಿಯಿತು. ಅವಳು ತಿರುಗಿ ನೋಡಿದಳು.

"ಹೆಬ್ಬಟ್ಟು, ಮೇಸ್ತ್ರಿ."

ಎಲ್ಲರೂ ಅವನ ಕೈ ನೋಡಿದರು. ಅವನೂ ನೋಡಿಕೊಂಡ. ಇಪ್ಪತ್ತೆರಡು ವರ್ಷದ ಹೆಬ್ಬೆರಳು ಪೈಪಿನ ಬಾಯಿಯ ಮೇಲೆ ಹಾಯಾಗಿ ಕೂತಿತ್ತು. ಅವನು ಅದನ್ನು ತೆಗೆದ. ಪೈಪಿನೊಳಗೆ ನೀರು ಒಮ್ಮೆ ತುಳುಕಿ, ಓಲಾಡಿ, ಸೋಮವಾರದ ಗೆರೆಗೆ ಸರಿಯಾಗಿ ಬಂದು ನಿಂತಿತು. ಎರಡನೆಯ ಮೂಲೆಯಲ್ಲೂ ಗೆರೆಗೇ ನಿಂತಿತು. ಬಾಗಿಲ ಕಡೆಯ ಮೂರನೆಯ ಮೂಲೆಯಲ್ಲಿ ಮಾತ್ರ ನೀರು ಗೆರೆಯನ್ನು ದಾಟಿ ಒಂದು ಇಂಚು ಮೇಲಕ್ಕೆ ಹೋಗಿ ನಿಂತುಬಿಟ್ಟಿತು.

"ಅಯ್ಯೋ ರಾಮ!" ಎಂದರು ಕೋಕಿಲಾ. "ಅಂದ್ರೆ ಎಲ್ಲಾ ಕೀಳ್ಬೇಕಾ?"

"ಬಾಗಲ ಕಡಿ ಅರ್ಧ ಎತ್ತಿದ್ರ ಸಾಕ್ರಿ ಅಕ್ಕಾರ," ಎಂದಳು ಸಾಬಮ್ಮ. ಆಮೇಲೆ ಗೆರೆ ಎಳೆಯಲು ಏನೂ ಇಲ್ಲದೆ ಬರಿಗೈ ಚಾಚಿದಳು. ಶೌಕತ್ ಕಿವಿಯ ಮೇಲಿನ ಕೆಂಪು ಪೆನ್ಸಿಲನ್ನು ತೆಗೆದು ಮಧುರಾಳ ಕೈಗೆ ಕೊಟ್ಟ. ಮಧುರಾ ಅದನ್ನು ಅವಳ ಕೈಗೆ ದಾಟಿಸಿದಳು. ಸಾಬಮ್ಮ ಹಳೆಯ ಗೆರೆಯ ಮೇಲೊಂದು ಹೊಸ ಗೆರೆ ಎಳೆದಳು. ಅದು ಬೇಕಾದ್ದಕ್ಕಿಂತ ತುಸು ಉದ್ದವೇ ಆಯಿತು.

"ಚಿಕ್ಕ ಬಾತ್‌ರೂಮಿಗೂ ಪೈಪ್ ನಾನೇ ಹಿಡೀಬೇಕಾ ಮೇಡಂ?" ಎಂದ ಶೌಕತ್, ಗೋಡೆಯ ಕಡೆ ನೋಡುತ್ತ.

ಮಧುರಾಳ ಫೋನು ಬಡಿದುಕೊಳ್ಳುತ್ತಿತ್ತು. ಅವಳು ಎತ್ತಿಕೊಳ್ಳಲಿಲ್ಲ. "ಹೌದು ಮೇಸ್ತ್ರಿ. ಅದು ಸಾಬಮ್ಮಂದು."

"ಹಾಗಾದ್ರೆ ಬೇಗ ಮುಗಿಸೋಕೆ ಹೇಳಿ. ಕೈ ನೋಯ್ತಾ ಇದೆ."

ಕೈ ಎಲ್ಲಿ ನೋಯುತ್ತದೆಂದು ಸಾಬಮ್ಮನಿಗೆ ಗೊತ್ತಿತ್ತು. ಮೊದಲು ಮೊಣಕೈಯಲ್ಲಿ, ಆಮೇಲೆ ಭುಜದಲ್ಲಿ, ಕಡೆಗೆ ಕತ್ತಿನ ಹಿಂದೆ. ನಾಲ್ಕನೆಯ ಮೂಲೆ ಬಾಗಿಲಿನ ಆಚೆ ಬದಿಗೆ ಎರಡೇ ಹೆಜ್ಜೆ. ಅವಳು ಪೈಪಿನ ಬಾಯಿ ಮುಚ್ಚಿಕೊಂಡು, ಗೋಡೆಯ ಗುಂಟ ಬಳಸಿಕೊಂಡು ನಿಧಾನವಾಗಿ ಅಲ್ಲಿಗೆ ಹೋದಳು. ಬೆರಳು ತೆಗೆದು, ನೀರು ಪೂರ್ತಿ ನಿಲ್ಲುವ ತನಕ ಕಾದಳು. ನಿಂತ ಮೇಲೂ ಸ್ವಲ್ಪ ಹೊತ್ತು ಕಾದಳು.