ಹನ್ನೊಂದು ಸಲ ಒತ್ತಿದವನೂ ಎಕ್ಸ್‌ಚೇಂಜ್ ಅಕ್ಕನೂ

ಕಂಪ್ಯೂಟರಿನ ಪರದೆಯ ಮೇಲೆ ಮೂಡಿದ್ದನ್ನು ಮೊದಲಕ್ಷರದಿಂದ ಕೊನೆಯ ಚುಕ್ಕಿಯವರೆಗೆ ಗಟ್ಟಿಯಾಗಿ ಓದಿ ಮುಗಿಸದೆ ಎಕ್ಸ್‌ಚೇಂಜ್ ಅಕ್ಕ ಮುಂದಿನ ಗುಂಡಿ ಒತ್ತಿದ್ದನ್ನು ನಮ್ಮ ಬೀದಿಯಲ್ಲಿ ಕಂಡವರಿಲ್ಲ. ನಾವೆಲ್ಲ ಕಣ್ಣು ಮುಚ್ಚಿ ಒಪ್ಪಿಗೆ ಒಪ್ಪಿಗೆ ಎಂದು ಒತ್ತುತ್ತ ದಾಟುವ ಉದ್ದುದ್ದ ಕರಾರುಗಳನ್ನು ಅವರು ಹೊಲ ಕೊಳ್ಳುವವನು ಪತ್ರ ಓದುವ ಗಾಂಭೀರ್ಯದಿಂದ ಓದುತ್ತಾರೆ. ಓದುವುದು ಇಂಗ್ಲಿಷು, ನಡುನಡುವೆ ಅದಕ್ಕೆ ಕನ್ನಡದಲ್ಲಿ ತಾವೇ ಉತ್ತರ ಕೊಡುತ್ತಾರೆ: "ಹೂಂ ಕಣಪ್ಪಾ, ಗೊತ್ತಾಯ್ತು. ಆಮೇಲೆ?" ಪಕ್ಕದಲ್ಲಿ ನನ್ನಂತೆ ಮೂಗಿನ ತುದಿಯಲ್ಲೇ ಸಿಟ್ಟಿರುವ ಮನುಷ್ಯ ನಿಂತಿದ್ದರೆ ಅವನ ಆಯಸ್ಸು ಅಲ್ಲಿಗೆ ಅರ್ಧವಾಯಿತೆಂದೇ ಲೆಕ್ಕ.

ದೂರವಾಣಿ ಕೇಂದ್ರದಲ್ಲಿ ಮೂವತ್ತು ವರ್ಷ ತಂತಿಗಳ ಕಾಡಿನಲ್ಲಿ ದುಡಿದು ನಿವೃತ್ತರಾದವರು; ಹೆಸರು ಅಲ್ಲಿಂದಲೇ ಅಂಟಿಕೊಂಡು ಬಂತು. ನಡೆಯುವಾಗ ರಸ್ತೆಯನ್ನು ನೋಡುವ ಪದ್ಧತಿ ಅವರಿಗಿಲ್ಲ. ಗೋಡೆಯ ಮೇಲೆ ಹಾದುಹೋದ ತಂತಿಗಳನ್ನು ಕತ್ತೆತ್ತಿ ಪರೀಕ್ಷಿಸುತ್ತ ತುಸು ಓರೆಯಾಗಿ ಸಾಗುತ್ತಾರೆ. ಹಾಗೆ ಹೋಗಿ ಹಾಲಿನವನ ಸೈಕಲ್ಲಿಗೆ ಎರಡು ಸಲ ಢಿಕ್ಕಿ ಹೊಡೆದು, "ಇರಲಿ ಬಿಡು, ನಿಂದೇನೂ ತಪ್ಪಿಲ್ಲ" ಎಂದು ಅವನನ್ನೇ ಉದಾರವಾಗಿ ಕ್ಷಮಿಸಿದ್ದಾರೆ. ಮೈಮೇಲೆ ಸದಾ ಕೆಲಸದ ಬೂದು ಕೋಟು. ಒಡತಿಗೆ ನಿವೃತ್ತಿ ಸಿಕ್ಕರೂ ಅದಕ್ಕೆ ಸಿಕ್ಕಿಲ್ಲ. ಒಂದು ಜೇಬಿನಲ್ಲಿ ಸ್ಕ್ರೂಡ್ರೈವರು, ಇನ್ನೊಂದರಲ್ಲಿ ಭೂತಗನ್ನಡಿ, ಎದೆಯ ಜೇಬಿನಲ್ಲಿ ಸ್ಕ್ರೂ ತುಂಬಿದ ಬೆಂಕಿಪೆಟ್ಟಿಗೆ. ನನ್ನ ಹೆಂಡತಿ ಅದರ ಮೊಣಕೈಗೆ ಮೂರು ಸಲ ತೇಪೆ ಹಾಕಿದ್ದಾಳೆ. ಹೊಸದು ಹೊಲಿದುಕೊಡುತ್ತೇನೆಂದರೆ, "ಬೇಡ ಕಣೇ, ಇದರ ಜೇಬು ನನ್ನ ಕೈಗೆ ಗೊತ್ತು" ಎನ್ನುತ್ತಾರೆ.

ನಮ್ಮದು ಬಟ್ಟೆಯ ಮೇಲೆ ಕಸೂತಿ ಹಾಕಿಕೊಡುವ ಅಂಗಡಿ. ಏಳನೇ ತರಗತಿಗೆ ಪುಸ್ತಕ ಮಡಿಚಿದ ನನ್ನನ್ನೂ ನನ್ನ ಸಂಸಾರವನ್ನೂ ಸಾಕುತ್ತಿರುವುದು ಹಿಂದಿನ ಕೋಣೆಯ ಕಸೂತಿ ಯಂತ್ರ. ಅದಕ್ಕೆ ಚಿತ್ರಗಳನ್ನು ಕಳಿಸುವುದು ಇಪ್ಪತ್ತು ವರ್ಷದ ಒಂದು ಮುದಿ ಕಂಪ್ಯೂಟರು. ಯಂತ್ರ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿದೆ. ಅದರ ತಂತ್ರಾಂಶ ಈ ಮುದುಕನಲ್ಲಿ ಬಿಟ್ಟರೆ ಬೇರೆ ಯಾವುದರಲ್ಲೂ ಓಡುವುದಿಲ್ಲ. ಇಬ್ಬರ ನಡುವೆ ಇರುವುದು ಒಂದೇ ಕೇಬಲ್ಲು, ಅದನ್ನು ಸಿಕ್ಕಿಸಲು ಮುದುಕನ ಹೊಟ್ಟೆಯಲ್ಲಿ ಒಂದು ನೆಟ್‌ವರ್ಕ್ ಕಾರ್ಡು. ಒಂದು ಬುಧವಾರ ವೋಲ್ಟೇಜು ಏರಿ ಆ ಕಾರ್ಡು ಸುಟ್ಟುಹೋಯಿತು. ಶನಿವಾರ ಬೆಳಿಗ್ಗೆ ಶಾಲೆಯ ವಾದ್ಯತಂಡಕ್ಕೆ ನಲವತ್ತು ಕೋಟು ಕೊಡಬೇಕಿತ್ತು. ಮಕ್ಕಳು ಮೊದಲ ಸಲ ಊರಿನೆದುರು ನುಡಿಸುವವರಿದ್ದರು. ಒಂದು ಕೋಟಿನ ಎದೆಗೂ ಲಾಂಛನ ಬಿದ್ದಿರಲಿಲ್ಲ.

ನಾನು ಅಂದೇ ಗುಜರಿ ಅಂಗಡಿಗೆ ಓಡಿ ಒಂದು ಹಳೆಯ ಕಾರ್ಡನ್ನು ಬಣ್ಣದ ಪೆಟ್ಟಿಗೆ, ಸಿಡಿ ಸಮೇತ ತಂದೆ. ಕಾರ್ಡು ಸಿಕ್ಕಿಸಿ, ಅದನ್ನು ಕಂಪ್ಯೂಟರಿಗೆ ಪರಿಚಯಿಸುವ ಡ್ರೈವರು ಸಿಡಿಯಲ್ಲಿದೆಯೆಂದು ಅದನ್ನೂ ತುರುಕಿ, ಗುಂಡಿ ಒತ್ತಿದೆ. ಕಾರ್ಡು ಕಾಣುತ್ತಿಲ್ಲ ಎಂದಿತು. "ಕಣ್ಣೆದುರಿಗೇ ಇದೆಯಲ್ಲೋ!" ಎಂದು ಬೈದು ಮತ್ತೆ ಒತ್ತಿದೆ. ಹೀಗೆ ಹನ್ನೊಂದು ಸಲ. ಆಮೇಲೆ ನಾನು ಮೇಜು ಗುದ್ದಿದ ರಭಸಕ್ಕೆ ನೀರಿನ ಲೋಟ ನೆಲ ಕಂಡಿತು.

"ಮೇಜು ಏನ್ ಮಾಡ್ತು ಪಾಪ?" ಎಂದಳು ಹೆಂಡತಿ. "ಸಾಕು ನಿಮ್ಮ ಪರಾಕ್ರಮ. ಅಕ್ಕನ್ನ ಕರೀತೀನಿ."

ಮರುದಿನ ಬೆಳಿಗ್ಗೆ ಅಕ್ಕ ಗೋಡೆಯ ತಂತಿಗಳನ್ನೆಲ್ಲ ವಿಚಾರಿಸಿಕೊಂಡು ಒಳಗೆ ಬಂದರು.

"ಎಷ್ಟು ಸಲ ಹಾಕಿದ್ರಿ ಯಜಮಾನ್ರೇ?"

"ಒಂದೆರಡು ಸಲ."

"ಹನ್ನೊಂದು," ಎಂದಳು ಹೆಂಡತಿ, ಸೂಜಿಯಿಂದ ಕಣ್ಣೆತ್ತದೆ.

"ಏನಂತ ಬರೆದು ಬಂತು?"

"ಏನೇನೋ ಬರುತ್ತಪ್ಪ, ಯಾರು ನೋಡ್ತಾರೆ?"

"ಅಂದ್ರೆ ಅದು ಮಾತಾಡೋಕೆ ಬಾಯಿ ತೆಗೆದಾಗೆಲ್ಲ ನೀವು ಮುಚ್ಚಿಸಿದ್ರಿ ಅನ್ನಿ."

ಅಕ್ಕ ಕರೆಂಟು ತೆಗೆದು, ಕಾರ್ಡು ಬಿಚ್ಚಿ, ಅದರ ಮೇಲಿನ ದೊಡ್ಡ ಕಪ್ಪು ಚಿಪ್ಪಿಗೆ ಭೂತಗನ್ನಡಿ ಹಿಡಿದರು. ಅಲ್ಲಿದ್ದ ಅಂಕಿಗಳನ್ನು ಒಂದೊಂದಾಗಿ ಓದಿದರು. ಪೆಟ್ಟಿಗೆಯ ಮೇಲಿದ್ದ ಹೆಸರಿಗೂ ಇದಕ್ಕೂ ಯಾವ ನಂಟೂ ಇರಲಿಲ್ಲ.

"ತೊಟ್ಟಿಲು ಯಾರದ್ದೋ, ಕೂಸು ಯಾರದ್ದೋ. ಗುಜರಿಯವನು ಸಿಕ್ಕಿದ್ದನ್ನ ಸಿಕ್ಕಿದ್ದಕ್ಕೆ ತುಂಬಿ ಕೊಟ್ಟಿದ್ದಾನೆ."

"ಅವನ ಕೈಕಾಲು ಮುರೀತೀನಿ!" ಎಂದು ಎದ್ದೆ.

"ಆಮೇಲೆ ಮುರಿಯೋರಂತೆ. ಮೊದಲು ಈ ನಂಬರ್ ಬರ್ಕೊಳ್ಳಿ."

ಮುಂದಿನ ಕೋಣೆಯ ಹೊಸ ಕಂಪ್ಯೂಟರಿನಲ್ಲಿ ಆ ನಂಬರು ಹಾಕಿ ಅದಕ್ಕೆ ಹೊಂದುವ ಡ್ರೈವರನ್ನು ಹುಡುಕಿದರೆ, ಇಲ್ಲಿದೆ ಬಾ, ಇಲ್ಲಿದೆ ಬಾ ಎಂದು ಹಸಿರು ಗುಂಡಿಗಳು ಸಂತೆಯಂತೆ ಕೂಗತೊಡಗಿದವು. ಮುಂದಾದ ನನ್ನ ಕೈಗೆ ಅಕ್ಕ ಪಟ್ಟೆಂದು ಒಂದು ಕೊಟ್ಟರು. "ಕೂಗಿ ಕರೆಯೋದು ಯಾವುದೂ ಬೇಡ. ನಮಗೆ ಬೇಕಾದ್ದು ಎಲ್ಲೋ ಮೂಲೇಲಿ ಸುಮ್ನೆ ಕೂತಿರುತ್ತೆ." ಕೂತಿತ್ತು. ಚಿಪ್ಪು ತಯಾರಿಸಿದವರ ಜಾಲತಾಣದ ತೀರ ಕೆಳಗೆ, ಹಳೆಯ ಸಾಮಾನಿನ ಪಟ್ಟಿಯಲ್ಲಿ, ಅದೇ ಅಂಕಿ. ಮುದುಕನಿಗೆ ಪೆನ್‌ಡ್ರೈವಿನ ಪರಿಚಯವಿಲ್ಲದ್ದರಿಂದ ಸಿಡಿಗೆ ತುಂಬಿಸಿ ಒಯ್ದದ್ದಾಯಿತು.

ಇನ್ನೇನು ಒತ್ತುತ್ತಾರೆಂದು ಕಾದರೆ, ಅಕ್ಕ ಮೊದಲು ನಾನು ಹನ್ನೊಂದು ಸಲ ತುರುಕಿದ ತಪ್ಪು ಡ್ರೈವರಿನ ಚೂರುಗಳನ್ನು ಕಾಲಿನ ಮುಳ್ಳು ಕೀಳುವ ತಾಳ್ಮೆಯಿಂದ ಕಿತ್ತರು. ಮಧ್ಯಾಹ್ನ ಅಲ್ಲಿಗೆ ಮುಗಿಯಿತು. ಆಮೇಲೆ ಸಿಡಿಯಲ್ಲಿದ್ದ, ನಾನಾಗಿದ್ದರೆ ಕಣ್ಣೆತ್ತಿಯೂ ನೋಡದ, ಸೂಚನೆಗಳ ಕಡತ ತೆರೆದರು. ಆರು ಪುಟ. ಓದಲು ಶುರುಮಾಡಿದರು. ನಾನು ಮೂರು ಸಲ ಬೀದಿಗೆ ಹೋಗಿ ಬಂದೆ. ನಲವತ್ತು ಕೋಟುಗಳು ಬೆಂಚಿನ ಮೇಲೆ ಬರಿಯೆದೆಯಲ್ಲಿ ಬಿದ್ದಿದ್ದವು. ಐದನೆಯ ಪುಟದ ಕೊನೆಯಲ್ಲಿ ದನಿ ನಿಂತಿತು.

"ಹಳೇ ಕಂಪ್ಯೂಟರಾದ್ರೆ ಸೆಟಪ್ ಓಡಿಸಲೇಬೇಡಿ ಅಂತಾನೆ. ಸುಮ್ನೆ ಕಾರ್ಡು ಕೂರಿಸಿ ಆನ್ ಮಾಡಿ, ಅದಾಗೇ ಡ್ರೈವರ್ ಎಲ್ಲಿ ಅಂತ ಕೇಳಿದಾಗ ಈ ಫೋಲ್ಡರ್ ತೋರಿಸಿ ಅಂತಾನೆ. ಯಾರೋ ಪುಣ್ಯಾತ್ಮ ಆಗಲೇ ಕೂತು ನಿಮಗೋಸ್ಕರ ಬರೆದಿಟ್ಟಿದ್ದಾನೆ, ನೋಡಿ."

"ನನಗೋಸ್ಕರನಾ?"

"ಇನ್ಯಾರಿದ್ದಾರೆ, ಹನ್ನೊಂದು ಸಲ ಒತ್ತೋರು?"

ಹೆಂಡತಿ ನಕ್ಕ ನಗೆಗೆ ದಾರದುಂಡೆ ಉರುಳಿ ಬಾಗಿಲು ದಾಟಿತು. ಅಕ್ಕ ಕಾರ್ಡು ಕೂರಿಸಿದರು; ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಕೊಟ್ಟರು; ಯಂತ್ರ ಗುರುತು ಹಿಡಿಯಲೆಂದು ಸುಟ್ಟ ಕಾರ್ಡಿಗಿದ್ದ ಅಂಕಿಗಳ ವಿಳಾಸವನ್ನೇ ಹೊಸಬನಿಗೂ ಬರೆದರು. ಕಾರ್ಡಿನ ಬೆನ್ನಿನಲ್ಲಿ ಹಸಿರು ದೀಪವೊಂದು ಮಿಣುಕಿತು. ಹಿಂದಿನ ಕೋಣೆಯಲ್ಲಿ ಸೂಜಿಗಳು ಒಮ್ಮೆ ಎದ್ದು, ನಿಂತು, ಮೊದಲ ಕೋಟಿನ ಎದೆಗೆ ಇಳಿದವು. ಶನಿವಾರ ಬೆಳಿಗ್ಗೆ ನಲವತ್ತು ಕೋಟೂ ಶಾಲೆ ಸೇರಿದವು.

ಸೋಮವಾರ ಗುಜರಿಯವನ ಅಂಗಡಿಗೆ ಹೋಗಿದ್ದೆ. ಕೈಕಾಲು ಮುರಿಯಲಿಲ್ಲ. ಅದೇ ನಂಬರಿನ ಇನ್ನೊಂದು ಕಾರ್ಡಿದೆಯೇ ಎಂದು ಕೇಳಿದೆ.

ಸಿಟ್ಟಿನ ಜಾತಕ ನನಗೆ ಚೆನ್ನಾಗಿ ಗೊತ್ತು. ಎದುರಿಗಿರುವುದು ಬೇಕೆಂದೇ ನಮ್ಮನ್ನು ಕಾಡುತ್ತಿದೆ ಎಂಬ ನಂಬಿಕೆಯಿಂದ ಅದು ಹುಟ್ಟುತ್ತದೆ. ಮೇಜನ್ನೂ ಮನುಷ್ಯನನ್ನೂ ನಾವು ಗುದ್ದುವುದು ಅದೇ ನಂಬಿಕೆಯಿಂದ. ಎಕ್ಸ್‌ಚೇಂಜ್ ಅಕ್ಕನ ಕುಲದವರಿಗೆ ಆ ನಂಬಿಕೆಯಿಲ್ಲ. ಹಟ ಹಿಡಿದ ಯಂತ್ರವೂ, ಬಾಗಿಲು ಹಾಕಿಕೊಂಡ ಮನುಷ್ಯನೂ ಏನನ್ನೋ ಹೇಳಲು ಹೊರಟು ಅರ್ಧಕ್ಕೆ ತಡೆಯಲ್ಪಟ್ಟವರು ಎಂದೇ ಅವರ ಎಣಿಕೆ. ಇಂಥವರು ಬೀದಿಗೊಬ್ಬರಿದ್ದರೆ ಸಾಕು. ಉಳಿದ ನಾವು ಕೂಗಾಡಿಕೊಂಡಾದರೂ ಬದುಕಿಕೊಳ್ಳುತ್ತೇವೆ.