ಹಚ್ಚೊಳ್ಳಿ ಬಸ್ಸಿನ ಪ್ರಾಜೆಕ್ಟು

ಪತ್ರಿಕೆಯ ಬಳ್ಳಾರಿ ಪುಟದಲ್ಲಿ ಶಶಿಕಾಂತನ ಫೋಟೊ ಬಂದ ದಿನ ಗಂಗೋತ್ರಿ ಹಚ್ಚೊಳ್ಳಿಯ ತನ್ನ ಮನೆಯಲ್ಲಿ ಕಾಮಾಲೆ ಹಿಡಿದು ಮಲಗಿದ್ದಳು. ಅವಳ ತಾಯಿ ಹೊನ್ನೂರಮ್ಮ ಕಿರಾಣಿ ಅಂಗಡಿಯಿಂದ ಪೇಪರ್ ತಂದು ಮಗಳ ಮುಂದೆ ಹಿಡಿದಳು.

"ಇವನ ಅಲ್ಲೇನ, ನಿನ್ನ ಕೂಡ ಪ್ರಾಜೆಕ್ಟ್ ಮಾಡಾವ?"

ಅವನೇ. ಕೈಯಲ್ಲಿ ದೊಡ್ಡ ಟ್ರೋಫಿ. ಕೆಳಗೆ, 'ಹಳ್ಳಿಗರಿಗೆ ಬಸ್ಸಿನ ಸುಳಿವು ಕೊಡುವ ತಂತ್ರಾಂಶ ರೂಪಿಸಿದ ಬಳ್ಳಾರಿ ವಿದ್ಯಾರ್ಥಿಗೆ ರಾಜ್ಯ ಮಟ್ಟದ ಪ್ರಥಮ ಬಹುಮಾನ' ಎಂದಿತ್ತು. ಗಂಗೋತ್ರಿ ಸುದ್ದಿಯನ್ನು ಎರಡು ಸಲ ಓದಿದಳು. ಅವಳ ಹೆಸರು ಎಲ್ಲಿಯೂ ಇರಲಿಲ್ಲ.

ಆ ತಂತ್ರಾಂಶ ಹುಟ್ಟಿದ್ದು ಅವಳು ಉಂಡ ಬಿಸಿಲಿನಿಂದ. ಬಳ್ಳಾರಿಯಿಂದ ಕುರುಗೋಡು, ಸಿರುಗುಪ್ಪ ಹಾಯ್ದು ಹಚ್ಚೊಳ್ಳಿಗೆ ಬಂದು ಅದೇ ದಾರಿಯಲ್ಲಿ ತಿರುಗಿ ಹೋಗುವ ಬಸ್ಸು ಒಂದೊಂದು ದಿನ ಒಂದೊಂದು ಹೊತ್ತಿಗೆ ಬರುತ್ತಿತ್ತು. ಅದಕ್ಕಾಗಿ ಗಂಟೆಗಟ್ಟಲೆ ಬಿಸಿಲಲ್ಲಿ ನಿಂತು ಬೆಳೆದವಳು ಅವಳು. ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಪಾಠ ಮಾಡುತ್ತಿದ್ದ ವಿಜಯಕುಮಾರ್ ಸರ್ ಮೊದಲ ದಿನವೇ ಹೇಳಿದ್ದರು: ಕೋಡ್ ಬರೆಯುವ ಮುಂಚೆ ಅದನ್ನು ಬಳಸುವವರ ಹತ್ತಿರ ಹೋಗಿ ಅವರಿಗೇನು ಬೇಕು ಅಂತ ಕೇಳಿ. ತರಗತಿಯ ಅರವತ್ತು ಮಂದಿಯಲ್ಲಿ ಆ ಮಾತನ್ನು ನಿಜವೆಂದು ನಂಬಿ ಬಸ್ಸು ಹತ್ತಿ ಹೋದವಳು ಗಂಗೋತ್ರಿ ಒಬ್ಬಳೇ.

ಹಾಗೆ ಹೋದಾಗ ಸಿಕ್ಕವರು ಮೂರು ಜನ. ಕುರುಗೋಡಿನ ನಿಲ್ದಾಣದ ಎದುರು ಚಹಾದ ಹೋಟೆಲ್ ಇಟ್ಟಿದ್ದ ಹುಲುಗೇಶ. ಸಿರುಗುಪ್ಪದ ಬಸ್‌ ಸ್ಟ್ಯಾಂಡಿನಲ್ಲಿ ಹೂವು ಮಾರುವ ಉಚ್ಚೆಂಗೆಮ್ಮ. ಹಚ್ಚೊಳ್ಳಿಯಲ್ಲಿ ದಿನವಿಡೀ ಬಸ್ಸಿನ ಕಟ್ಟೆಯ ಮೇಲೆ ಕೂರುವ ಮರಿಬಸಪ್ಪ ತಾತ. ಬಸ್ಸು ತಮ್ಮ ಮುಂದೆ ಹಾದರೆ ಇವರು ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕು, ಅಷ್ಟೇ. ಕಾಲೇಜಿನ ಲ್ಯಾಬಿನಲ್ಲಿಟ್ಟ ಫೋನಿಗೆ ಅದು ಬಂದ ಕೂಡಲೇ, ಬಸ್ಸು ಎಲ್ಲಿದೆ, ಮುಂದಿನ ಊರಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೆಸರು ಬರೆಸಿದವರಿಗೆಲ್ಲ ಸಂದೇಶ ಹೋಗುತ್ತಿತ್ತು. ಆರು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೆಸರು ಬರೆಸಿದ್ದರು.

ಗಂಗೋತ್ರಿಗೆ ಸ್ವಂತ ಲ್ಯಾಪ್‌ಟಾಪ್ ಇರಲಿಲ್ಲ. ಜೊತೆಗಾರನಾಗಿದ್ದ ಶಶಿಕಾಂತನ ಲ್ಯಾಪ್‌ಟಾಪಿನಲ್ಲಿ, ಅವನ ಲಾಗಿನ್‌ನಲ್ಲಿಯೇ ಅವಳು ಕೋಡ್ ಬರೆದಳು. ಅವನು ಪಕ್ಕದಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ಯಾರು ಯಾವ ದಿನ ಯಾವ ಸಾಲು ಬರೆದರು ಎನ್ನುವ ದಾಖಲೆಯಲ್ಲಿ ಹೀಗಾಗಿ ಮೊದಲಿನಿಂದ ಕೊನೆಯವರೆಗೆ ಇದ್ದದ್ದು ಅವನ ಹೆಸರು.

ಕಾಮಾಲೆ ಇಳಿದ ಮೇಲೆ ಅವಳು ಕಾಲೇಜಿಗೆ ಹೋಗಿ ವಿಜಯಕುಮಾರ್ ಸರ್ ಮುಂದೆ ನಿಂತಳು. ಶಶಿಕಾಂತನೂ ಅಲ್ಲಿಯೇ ಇದ್ದ. ಸರ್ ದಾಖಲೆಯನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರು.

"ನೋಡಮ್ಮ, ಎಲ್ಲಾ ಇವನ ಹೆಸರಿನ್ಯಾಗ ಐತಿ. ನಾ ಏನಂತ ನಂಬಲಿ?"

"ಸರ್, ಬರದಾಕಿ ನಾನು. ಇವನನ್ನ ಕೇಳ್ರಿ."

"ಆಕಿ ಏನೂ ಮಾಡಿಲ್ಲ ಅನ್ನಂಗಿಲ್ಲ ಸರ್," ಎಂದ ಶಶಿಕಾಂತ, ಬಹಳ ಸಮಾಧಾನದಿಂದ. "ಊರೂರಿಗೆ ಹೋಗಿ ಫೋನ್ ನಂಬರ್ ಬರಕೊಂಡು ಬಂದಾಳ. ಆದ್ರ ಚಾದಂಗಡಿಯಾಗ ಕುಂತು ನಂಬರ್ ಬರಕೊಳ್ಳೋದು ಎಂಜಿನಿಯರಿಂಗ್ ಅಲ್ಲಲ್ರಿ."

ಸರ್ ನಕ್ಕರು. ದೊಡ್ಡ ನಗುವೇನಲ್ಲ, ತಡೆಯಲಾರದೆ ಬಂದದ್ದು. ಆಮೇಲೆ, ಜಗಳ ಬೇಡ, ನೀನು ಬೇರೆ ಪ್ರಾಜೆಕ್ಟ್ ತೆಗೆದುಕೋ, ಗ್ರಂಥಾಲಯದ ಪುಸ್ತಕದ್ದು ಯಾವುದಾದರೂ ಮಾಡು ಎಂದರು. ಲ್ಯಾಬಿನ ಫೋನು, ಪಾಸ್‌ವರ್ಡು, ಹೆಸರು ಬರೆಸಿದವರ ಪಟ್ಟಿ ಎಲ್ಲವೂ ಶಶಿಕಾಂತನ ಪಾಲಾಯಿತು.

ಅವತ್ತಿನಿಂದ ಆ ನಗು ಅವಳ ಕಿವಿಯಲ್ಲಿ ಕೂತುಬಿಟ್ಟಿತು. ಹಾಸ್ಟೆಲಿನಲ್ಲಿ ರೊಟ್ಟಿ ಮುರಿಯುವಾಗ ಕೇಳುತ್ತಿತ್ತು, ಲ್ಯಾಬಿನಲ್ಲಿ ಕೀಬೋರ್ಡಿನ ಮೇಲೆ ಬೆರಳಿಟ್ಟಾಗ ಕೇಳುತ್ತಿತ್ತು. ಅವಳು ಗ್ರಂಥಾಲಯದ ಪ್ರಾಜೆಕ್ಟನ್ನು ಹದಿನೈದು ದಿನದಲ್ಲಿ ಮುಗಿಸಿ ಬದಿಗಿಟ್ಟಳು. ಉಳಿದ ಮೂರು ತಿಂಗಳು ಶಶಿಕಾಂತನನ್ನು ಹೇಗೆ ಕೆಡವಬೇಕು ಎನ್ನುವುದೊಂದನ್ನೇ ಯೋಚಿಸಿದಳು. ಕೊನೆಗೆ ಹೊಳೆದ ದಾರಿ ಎಷ್ಟು ಸುಲಭವಾಗಿತ್ತೆಂದರೆ ಅವಳಿಗೇ ನಗು ಬಂತು. ಕೋಡ್ ಅವನ ಕೈಯಲ್ಲಿತ್ತು, ಆದರೆ ಮಿಸ್ಡ್ ಕಾಲ್ ಕೊಡುವವರು ಅವಳ ಜನ.

ಜೂನ್ ತಿಂಗಳ ಒಂದು ಗುರುವಾರ ಅಂತಿಮ ಮೌಖಿಕ ಪರೀಕ್ಷೆ ಗೊತ್ತಾಯಿತು. ಹೊರಗಿನ ವಿಶ್ವವಿದ್ಯಾಲಯದಿಂದ ಪರೀಕ್ಷಕಿಯೊಬ್ಬರು ಬರುವವರಿದ್ದರು. ಶಶಿಕಾಂತನ ಸರದಿ ಮಧ್ಯಾಹ್ನ ಹನ್ನೆರಡಕ್ಕೆ. ಅದರ ಹಿಂದಿನ ಭಾನುವಾರ ಗಂಗೋತ್ರಿ ಬಸ್ಸಿನ ದಾರಿಯಲ್ಲೆಲ್ಲ ಇಳಿದು ಹತ್ತಿ ಮೂವರನ್ನೂ ಕಂಡಳು.

"ಅಲ್ಲವಾ, ಇಷ್ಟು ಮೋಸ ಮಾಡ್ಯಾನ?" ಎಂದು ಹುಲುಗೇಶ ಚಹಾ ಸೋಸುವುದನ್ನು ನಿಲ್ಲಿಸಿದ. "ಹನ್ನೆರಡಕ್ಕ ಒಂದಲ್ಲ, ಹತ್ತು ಕಾಲ್ ಕೊಡ್ತೀನಿ ತಗೋ."

ಮರಿಬಸಪ್ಪ ತಾತನಿಗೆ ಪೂರ್ತಿ ತಿಳಿಯಲಿಲ್ಲ. ಗಂಗೋತ್ರಿ ಹೇಳಿದ್ದರಿಂದ ಒಪ್ಪಿದ. ಉಚ್ಚೆಂಗೆಮ್ಮ ಮಾತ್ರ ಮಾಲೆ ಕಟ್ಟುತ್ತಿದ್ದ ಕೈ ಬಿಟ್ಟು ಅವಳ ಮುಖ ನೋಡಿದಳು.

"ಬಸ್ಸು ಬರಲಾರದ ಬಂತಂತ ಹೇಳಿದ್ರ, ಅದನ್ನ ನೋಡಿ ಮನಿ ಬಿಡೋ ಮಂದಿ ಗತಿ ಏನವ್ವ?"

"ಅವರಿಗೆಲ್ಲ ಮೊದಲ ಹೇಳೀನಿ ಯವ್ವ. ಗುರುವಾರ ಬರೋ ಮೆಸೇಜ್ ನಂಬಬ್ಯಾಡ್ರಿ ಅಂತ."

ಅದನ್ನು ನಂಬಿ ಉಚ್ಚೆಂಗೆಮ್ಮನೂ ಒಪ್ಪಿದಳು. ಆದರೆ ಅದು ಸುಳ್ಳು. ಪಟ್ಟಿ ಅವಳ ಬಳಿ ಇರಲೇ ಇಲ್ಲ. ಗುರುವಾರ ಮಧ್ಯಾಹ್ನದ ಬಿಸಿಲಲ್ಲಿ ಯಾರು ಎಲ್ಲಿಗೆ ಹೋಗುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಅವಳು ವಾಪಸು ಬಸ್ಸು ಹತ್ತಿದಳು.

ಗುರುವಾರ ಸೆಮಿನಾರ್ ಹಾಲಿನಲ್ಲಿ ಎಲ್ಲ ತಂಡಗಳೂ ಕೂತಿದ್ದವು. ಗಂಗೋತ್ರಿ ಕೊನೆಯ ಸಾಲಿನಲ್ಲಿದ್ದಳು. ಶಶಿಕಾಂತ ಹೊಸ ಕೋಟು ಹಾಕಿಕೊಂಡು ಬಂದಿದ್ದ. ದೊಡ್ಡ ಪರದೆಯ ಮೇಲೆ ಮೂರು ಊರುಗಳ ನಕ್ಷೆ. ಬಸ್ಸಿನ ಗುರುತಿಗೆ ಒಂದು ಕೆಂಪು ಚುಕ್ಕೆ. ಅದು ಕುರುಗೋಡು ದಾಟಿ ಸಿರುಗುಪ್ಪದ ಕಡೆ ಹೋಗುತ್ತಿತ್ತು. ಅವನು ಒಳ್ಳೆಯ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ಪರೀಕ್ಷಕಿ ತಲೆಯಾಡಿಸುತ್ತಿದ್ದರು.

ಹನ್ನೆರಡು ಹೊಡೆಯಿತು. ಕೆಂಪು ಚುಕ್ಕೆ ಒಂದೇ ನೆಗೆತಕ್ಕೆ ಹಚ್ಚೊಳ್ಳಿಗೆ ಹೋಗಿ ಕೂತಿತು. 'ಬಸ್ಸು ಹಚ್ಚೊಳ್ಳಿಯಿಂದ ಹೊರಟಿದೆ' ಎಂಬ ಸಂದೇಶ ಪರದೆಯ ಮೇಲೆ ಮೂಡಿ ಎಲ್ಲರಿಗೂ ರವಾನೆಯಾಯಿತು. ಶಶಿಕಾಂತ ಮಾತು ನಿಲ್ಲಿಸಿದ. ಅಷ್ಟರಲ್ಲಿ ಚುಕ್ಕೆ ಕುರುಗೋಡಿಗೆ ಹಾರಿತು. ಅಲ್ಲಿಂದ ಸಿರುಗುಪ್ಪಕ್ಕೆ, ಮತ್ತೆ ಕುರುಗೋಡಿಗೆ, ಮತ್ತೆ ಹಚ್ಚೊಳ್ಳಿಗೆ. ಹುಲುಗೇಶ ಕೊಟ್ಟ ಮಾತು ಉಳಿಸಿಕೊಂಡಿದ್ದ. ಹಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಎಷ್ಟು ಬಸ್ಸುಗಳಿವೆ?" ಪರೀಕ್ಷಕಿ ಕೇಳಿದರು.

"ಒಂದೇ ಮೇಡಂ."

"ಹಾಗಿದ್ದರೆ ಈ ಮಾಹಿತಿ ಕೊಡುತ್ತಿರುವವರು ಯಾರು?"

ಅವನು ಫೈಲು ತಿರುವಿದ. ಅದರಲ್ಲಿ ಬಳಕೆದಾರ ಒಂದು, ಬಳಕೆದಾರ ಎರಡು, ಬಳಕೆದಾರ ಮೂರು ಎಂದಷ್ಟೇ ಇತ್ತು.

"ಒಬ್ಬರಿಗೆ ಫೋನ್ ಮಾಡಿ ಕೇಳಿ. ಸ್ಪೀಕರ್ ಹಾಕಿ."

ಶಶಿಕಾಂತ ಸ್ಪೀಕರ್ ಹಾಕಿ ಮೊದಲ ನಂಬರ್ ಒತ್ತಿದ. ಫೋನೆತ್ತಿದವನು ಹುಲುಗೇಶ. ಹಿಂದೆ ಗ್ಲಾಸು ತೊಳೆಯುವ ಸದ್ದು.

"ಯಾರ್ರೀ? ಶಶಿಕಾಂತ? ಯಾವ ಶಶಿಕಾಂತರೀ? ಬಸ್ಸಿನ ಪ್ರಾಜೆಕ್ಟ್ ಏನ? ಅದು ಗಂಗೋತ್ರಿದರೀ. ನಮ್ಮ ಹೋಟ್ಲಾಗ ಕುಂತು ಬರಕೊಂಡು ಹೋದಾಕಿ ಆಕಿ. ನೀವ್ಯಾರೋ ನಮಗ ಗೊತ್ತಿಲ್ರಿ."

ಇಡೀ ಸೆಮಿನಾರ್ ಹಾಲ್ ನಗೆಯಲ್ಲಿ ಮುಳುಗಿತು. ವಿಜಯಕುಮಾರ್ ಸರ್ ಕುರ್ಚಿಯಲ್ಲಿ ಹಿಂದೆ ತಿರುಗಿ ನೋಡಿದರು. ಗಂಗೋತ್ರಿ ಅವರ ಕಣ್ಣು ತಪ್ಪಿಸಲಿಲ್ಲ. ಶಶಿಕಾಂತನ ಮುಖ ಬಿಳಿಚಿಕೊಂಡಿತ್ತು, ಕೋಟಿನ ಕಾಲರು ಬೆವರಿನಿಂದ ತೊಯ್ದಿತ್ತು. ಅದನ್ನು ಅವಳು ಕಣ್ತುಂಬ ನೋಡಿದಳು. ತನ್ನ ಸರದಿ ಬಂದಾಗ ಗ್ರಂಥಾಲಯದ ಪ್ರಾಜೆಕ್ಟನ್ನು ಹತ್ತು ನಿಮಿಷದಲ್ಲಿ ತೋರಿಸಿ ಇಳಿದಳು. ನಾಲ್ಕು ತಿಂಗಳ ಮೇಲೆ ಮೊದಲ ಸಲ ಅವಳಿಗೆ ಹಸಿವಾಗಿತ್ತು.

ಮೂರೂ ಜನರಿಗೆ ಮಿಠಾಯಿ ಕಟ್ಟಿಸಿಕೊಂಡು ಅವಳು ಊರಿನ ಬಸ್ಸು ಹತ್ತಿದಳು. ಕುರುಗೋಡಿನಲ್ಲಿ ಹುಲುಗೇಶ ಕಿಟಕಿಗೇ ಬಂದು ಪೊಟ್ಟಣ ಇಸಿದುಕೊಂಡು, ಫೋನಿನಲ್ಲಿ ಆಡಿದ ಮಾತನ್ನು ಮತ್ತೊಮ್ಮೆ ಆಡಿ ತೋರಿಸಿದ. ಸಿರುಗುಪ್ಪಕ್ಕೆ ಬರುವ ಹೊತ್ತಿಗೆ ಐದೂವರೆ. ಉಚ್ಚೆಂಗೆಮ್ಮನ ಹೂವಿನ ಬುಟ್ಟಿಯ ಪಕ್ಕದಲ್ಲಿ ಹದಿನೆಂಟು ಹತ್ತೊಂಬತ್ತರ ಹುಡುಗಿಯೊಬ್ಬಳು ಕೂತಿದ್ದಳು. ಕೈಯಲ್ಲಿ ಹಾಲ್ ಟಿಕೆಟ್ಟು, ಚಪ್ಪಲಿಯ ತುಂಬ ಇಟ್ಟಿಗೆಯ ಕೆಂಪು ಧೂಳು, ಅತ್ತು ಊದಿದ ಕಣ್ಣು.

ಗಂಗೋತ್ರಿ ಮಿಠಾಯಿ ಮುಂದೆ ಹಿಡಿದಳು. ಉಚ್ಚೆಂಗೆಮ್ಮ ಮುಟ್ಟಲಿಲ್ಲ.

"ಈಕಿ ಅಕ್ಷಿತಾ ಅಂತ. ನಿಮ್ಮ ಊರಿನ ಆಚಿ ಕಾಲುವಿ ದಂಡಿಮ್ಯಾಲಿನ ಕ್ಯಾಂಪ್ ಊರಿನಾಕಿ. ಇಲ್ಲೇ ಡಿಗ್ರಿ ಕಾಲೇಜಿನ್ಯಾಗ ಬಿ.ಕಾಂ. ಓದ್ತಾಳ. ಎರಡಕ್ಕ ಪರೀಕ್ಷಿ ಇತ್ತು."

ಗಂಗೋತ್ರಿಯ ಕೈ ಹಾಗೆಯೇ ನಿಂತಿತು.

"ಒಂದಕ್ಕ ಬರೋ ಬಸ್ಸಿಗೆ ಹೊರಡಾಕ ತಯಾರಾಗಿದ್ಲಂತ. ಹನ್ನೆರಡಕ್ಕ ಮೆಸೇಜ್ ಬಂತು, ಬಸ್ಸು ಹಚ್ಚೊಳ್ಳಿ ಬಿಟ್ಟೈತಿ ಅಂತ. ಇವತ್ತು ಲಗೂನ ಹೋತು ಅನಕೊಂಡು ಕಾಲುವಿ ದಾರಿ ಹಿಡದು ಇಟ್ಟಂಗಿ ಟ್ರ್ಯಾಕ್ಟರ್ ಹತ್ಯಾಳ. ಅದು ನಡುದಾರ್ಯಾಗ ಕೆಟ್ಟು ನಿಂತತಿ. ಇಲ್ಲಿಗೆ ಬಂದಾಗ ಎರಡೂ ನಲವತ್ತು. ಒಳಗ ಬಿಡಲಿಲ್ಲ." ಉಚ್ಚೆಂಗೆಮ್ಮ ದನಿ ಏರಿಸಲಿಲ್ಲ. "ಎಲ್ಲಾರಿಗೂ ಹೇಳೀನಿ ಅಂದಿದ್ದಿ ಅಲ್ಲ?"

ಗಂಗೋತ್ರಿ ಬುಟ್ಟಿಯ ಪಕ್ಕ ಕುಕ್ಕರಿಸಿದಳು. ಸುಳ್ಳು ಹೇಳಬಹುದಿತ್ತು. ಕಾಲೇಜಿನ ಯಂತ್ರ ಕೆಟ್ಟಿತ್ತು ಎಂದರೆ ಅಕ್ಷಿತಾ ನಂಬುತ್ತಿದ್ದಳು. ಆದರೆ ಉಚ್ಚೆಂಗೆಮ್ಮ ನೋಡುತ್ತಿದ್ದಳು. ಗಂಗೋತ್ರಿ ಎಲ್ಲವನ್ನೂ ಹೇಳಿದಳು: ಶಶಿಕಾಂತ, ಬಹುಮಾನ, ಸರ್ ನಕ್ಕಿದ್ದು, ಹನ್ನೆರಡರ ಮಿಸ್ಡ್ ಕಾಲು.

ಅಕ್ಷಿತಾ ಕೊನೆಯವರೆಗೂ ಕೇಳಿದಳು.

"ಅವನು ನಿನಗ ಮಾಡಿದ. ನಾ ಏನ್ ಮಾಡಿದ್ದೆ ನಿನಗ?"

"ಏನೂ ಮಾಡಿಲ್ಲ. ತಪ್ಪಾತು. ನಾ ನಿನಗ ಪಾಠ ಹೇಳಿಕೊಡ್ತೀನಿ, ಮುಂದಿನ ಸಲ..."

"ನಿನ್ನ ಪಾಠ ಬ್ಯಾಡ. ಈಗ ನನಗ ಹೇಳಿದ್ದನ್ನ ನಾಳಿ ನಮ್ಮ ಪ್ರಿನ್ಸಿಪಾಲರ ಮುಂದ ಹೇಳು. ಬರದು ಸಹಿ ಮಾಡು. ನನ್ನ ಸೋಮಾರಿತನದಿಂದ ಪರೀಕ್ಷಿ ತಪ್ಪಿಲ್ಲ ಅಂತ ನಮ್ಮಪ್ಪಗ ಗೊತ್ತಾಗಬೇಕು."

ಮರುದಿನ ಗಂಗೋತ್ರಿ ಬರೆದು ಸಹಿ ಮಾಡಿದಳು. ಅದರ ಪ್ರತಿಯೊಂದನ್ನು ತೆಗೆದುಕೊಂಡು ಬಳ್ಳಾರಿಗೆ ಹೋಗಿ ವಿಜಯಕುಮಾರ್ ಸರ್ ಮೇಜಿನ ಮೇಲಿಟ್ಟಳು. ಸರ್ ಅದನ್ನು ಓದಿದರು.

"ನಿನ್ನೆ ನೀ ಗೆದ್ದಿದ್ದಿ. ಸುಮ್ಮನಿದ್ದಿದ್ರ ಅದು ಹಂಗ ಉಳೀತಿತ್ತು," ಎಂದರು.

"ಗೊತ್ತೈತ್ರಿ ಸರ್."

"ಅವತ್ತು ನಾ ನಗಬಾರದಾಗಿತ್ತು."

ಪರವಾಗಿಲ್ಲ ಎನ್ನುವ ಮಾತು ಅವಳ ಬಾಯಿಗೆ ಬರಲಿಲ್ಲ.

ಕಾಲೇಜಿನ ಸಮಿತಿ ಇಬ್ಬರ ಮೌಖಿಕ ಪರೀಕ್ಷೆಯನ್ನೂ ರದ್ದು ಮಾಡಿ, ಆರು ತಿಂಗಳ ನಂತರ ಬೇರೆ ಬೇರೆಯಾಗಿ ಮತ್ತೆ ಪ್ರಾಜೆಕ್ಟ್ ಮಾಡಿ ತೋರಿಸಬೇಕೆಂದಿತು. ಬಹುಮಾನ ಕೊಟ್ಟವರು ಕಾಲೇಜಿನ ಪತ್ರಕ್ಕೆ ಉತ್ತರವನ್ನೇ ಕೊಡಲಿಲ್ಲ. ಟ್ರೋಫಿ ಶಶಿಕಾಂತನ ಮನೆಯಲ್ಲೇ ಉಳಿಯಿತು. ಅಕ್ಷಿತಾಳಿಗೆ ಮರುಪರೀಕ್ಷೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಎಂದು ಅವಳ ವಿಶ್ವವಿದ್ಯಾಲಯ ಬರೆಯಿತು. ಅವಳೂ ಡಿಸೆಂಬರಿನವರೆಗೆ ಕಾಯಬೇಕಾಯಿತು.

ಗಂಗೋತ್ರಿ ಬಸ್ಸಿನ ಪ್ರಾಜೆಕ್ಟನ್ನು ಮೊದಲಿನಿಂದ ಬರೆದಳು, ಈ ಸಲ ಲ್ಯಾಬಿನ ಕಂಪ್ಯೂಟರಿನಲ್ಲಿ, ತನ್ನ ಲಾಗಿನ್‌ನಲ್ಲಿ. ಪ್ರತಿ ನಿಲ್ದಾಣಕ್ಕೂ ಒಬ್ಬರ ಬದಲು ಇಬ್ಬರನ್ನು ಇಟ್ಟಳು. ಇಬ್ಬರೂ ಮಿಸ್ಡ್ ಕಾಲ್ ಕೊಡುವವರೆಗೆ ಯಾರಿಗೂ ಸಂದೇಶ ಹೋಗುವಂತಿರಲಿಲ್ಲ. ಹುಲುಗೇಶ ಒಪ್ಪಿದ, ತಾತ ಒಪ್ಪಿದ. ಉಚ್ಚೆಂಗೆಮ್ಮ ಒಪ್ಪಲಿಲ್ಲ.

"ಬಸ್ಸು ಬಂತಂದ್ರ ಬಂತಂತ ಕೇಳಿದವರಿಗೆ ಬಾಯಿಲೆ ಹೇಳ್ತೀನಿ. ಫೋನ್ ಮಾತ್ರ ಒಲ್ಲೆ ನಮ್ಮವ್ವ. ನಾ ಒತ್ತಿದ್ದು ಎಲ್ಲಿ ಹೋಗಿ ಯಾರಿಗೆ ತಗಲುತ್ತೋ, ಇಲ್ಲಿ ಕುಂತು ನನಗ ಹೆಂಗ ಕಾಣಬೇಕು?"

ಸಿರುಗುಪ್ಪಕ್ಕೆ ಗಂಗೋತ್ರಿ ಬೇರೆ ಇಬ್ಬರನ್ನು ಹುಡುಕಿಕೊಂಡಳು.

ಡಿಸೆಂಬರಿನಲ್ಲಿ ಅವಳು ಪಾಸಾದಳು. ಯಾರಿಂದಲೋ ಮಾಡಿಸಿಕೊಂಡು ಬಂದ ಹಾಜರಾತಿಯ ಪ್ರಾಜೆಕ್ಟ್ ತೋರಿಸಿ ಶಶಿಕಾಂತನೂ ಪಾಸಾದ. ಹೊರಗೆ ಮೆಟ್ಟಿಲ ಬಳಿ ಅವನು ಅವಳನ್ನು ತಡೆದ.

"ನಿಂದೂ ಆತು, ನಂದೂ ಆತು. ಇನ್ನ ಬಿಡು ಅದನ್ನ. ಮಾತಾಡು."

"ನಿನ್ನ ಕೆಡವಿದ್ದಕ್ಕ ನನಗ ಇವತ್ತಿಗೂ ಬ್ಯಾಸರಿಲ್ಲ," ಎಂದಳು ಗಂಗೋತ್ರಿ. "ಅಷ್ಟ ನಿನ್ನ ಕೂಡ ಮಾತು."

ಅದೇ ವಾರ ಊರಿಗೆ ಹೋಗುವಾಗ ಸಿರುಗುಪ್ಪದಲ್ಲಿ ಅಕ್ಷಿತಾ ಬಸ್ಸು ಹತ್ತಿದಳು. ಪರೀಕ್ಷೆ ಬರೆದು ಬರುತ್ತಿದ್ದಳು. ಬೆರಳಿಗೆ ಶಾಯಿ ಮೆತ್ತಿತ್ತು. ಗಂಗೋತ್ರಿಯ ಪಕ್ಕದ ಸೀಟು ಖಾಲಿಯಿತ್ತು. ಅಕ್ಷಿತಾ ಅವಳನ್ನು ನೋಡಿದಳು, ಗುರುತು ಹಿಡಿದಳು, ಮುಂದೆ ಹೋಗಿ ಕಂಬಿ ಹಿಡಿದು ನಿಂತಳು. ಹಚ್ಚೊಳ್ಳಿಯವರೆಗೂ ನಿಂತೇ ಇದ್ದಳು. ಗಂಗೋತ್ರಿ ಅವಳನ್ನು ಕರೆಯಲಿಲ್ಲ. ಬಸ್ಸು ನಿಂತಾಗ ಅಕ್ಷಿತಾ ಮೊದಲು ಇಳಿಯಲಿ ಎಂದು ಕೂತಿದ್ದು, ಆಮೇಲೆ ಇಳಿದು ಮನೆಯ ಕಡೆ ನಡೆದಳು.