ಕೆಂಚನ ಕೂದಲು ಮತ್ತು ಮೊದಲ ಆಲ್ಬಮ್ಮಿನ ಮುಖಪುಟ

ಕೆಂಚ ಎಂಬುದು ಕೂದಲಿನ ಬಣ್ಣದಿಂದ ಬಂದ ಅಡ್ಡಹೆಸರು. ಅಂಥ ಕೆಂಚನಿಗೆ, ತನ್ನ ಬ್ಯಾಂಡಿನ ಮೊದಲ ಆಲ್ಬಮ್ಮಿಗೆ ಗಿಟಾರ್ ಬಾರಿಸಿ ಮುಗಿಸಿದ ವಾರವೇ ಕೂದಲು ಉದುರತೊಡಗಿತು. ತಲೆ ಒರೆಸಿಕೊಂಡರೆ ಟವೆಲ್ಲಿನ ತುಂಬ ಕೂದಲು. ಕಿವಿಯ ಮೇಲೆ ನಾಣ್ಯದಗಲ ಬೋಳು.

ಬೇರೆ ಸಂಗೀತಗಾರನಾಗಿದ್ದರೆ ಟೋಪಿ ಹಾಕಿಕೊಂಡು ಸುಮ್ಮನಾಗಬಹುದಿತ್ತು. ಇವರದು ಗ್ಲ್ಯಾಮ್ ಮೆಟಲ್ ಎಂಬ ಬಗೆಯ ರಾಕ್ ಸಂಗೀತ. ಕಿವಿ ಗಡಚಿಕ್ಕುವಂತೆ ಬಾರಿಸಿದರಷ್ಟೇ ಸಾಲದು. ತುಟಿಗೆ ಬಣ್ಣ, ಮೈಗಂಟಿದ ಮಿರಿಮಿರಿ ಪ್ಯಾಂಟು, ಸ್ಪ್ರೇ ಹೊಡೆದು ಸಿಂಹದ ಕೇಸರದಂತೆ ಎಬ್ಬಿಸಿದ ಕೂದಲು, ಎಲ್ಲವೂ ಬೇಕು. ಮುಖಪುಟದ ಫೋಟೋಗೆ ದಿನ ಗೊತ್ತಾಗಿತ್ತು. ಹಿಂದೊಮ್ಮೆ ಬಾಸ್ ಗಿಟಾರಿನವನು ತನ್ನ ಮದುವೆಗೆಂದು ಕೂದಲು ಕತ್ತರಿಸಿಕೊಂಡು ಬಂದಾಗ, ದೊರೆ ಎಂದೇ ಎಲ್ಲರೂ ಕರೆಯುವ ಹಾಡುಗಾರ ಅವನನ್ನು ನಿಂತ ಕಾಲಲ್ಲೇ ಬ್ಯಾಂಡಿನಿಂದ ಕಳಿಸಿಬಿಟ್ಟಿದ್ದ.

ಕೆಂಚನ ತಾಯಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಬ್ಯಾಂಡಿನವರ ತಲೆಗಳೆಲ್ಲ ಅವಳ ಕೈಯಲ್ಲೇ ಸಿಂಗಾರಗೊಳ್ಳುತ್ತಿದ್ದವು. ಗಿರಾಕಿಗಳು ಹೋದ ಮೇಲೆ ಕೆಂಚ ಒಳಗೆ ಬಂದು ಬಾಗಿಲು ಹಾಕಿದ.

"ಅಮ್ಮಾ, ಇಲ್ಲಿ ನೋಡು. ಯಾರ್ಗೂ ಹೇಳ್ಬೇಡ."

ಅವಳು ಬಾಚಣಿಗೆಯಿಂದ ಕೂದಲು ಸರಿಸಿ ನೋಡಿದಳು. "ಡಾಕ್ಟರ ಹತ್ರ ಹೋಗಿದ್ಯಾ?"

"ಹೋಗಿದ್ದೆ. ಮತ್ತೆ ಬಂದ್ರೂ ಬರ್ಬಹುದು, ಪೂರ್ತಿ ಹೋದ್ರೂ ಹೋಗ್ಬಹುದು ಅಂದ್ರು."

"ವಿಗ್ ಮಾಡ್ಕೊಡ್ತೀನಿ. ಆದ್ರೆ ಭಾವನಿಗಾದ್ರೂ ಹೇಳೋ, ಮನೆಯವರೇ ಅಲ್ವಾ?" ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು ಅಕ್ಕನ ಗಂಡನೇ.

"ಭಾವನ ಬಾಯಲ್ಲಿ ಮಾತು ನಿಲ್ಲುತ್ತಾ? ಬೇಡಮ್ಮಾ."

ಫೋಟೋ ದಿನ ಬರುವಷ್ಟರಲ್ಲಿ ತಲೆಯ ಮೇಲೆ ಅಲ್ಲಲ್ಲಿ ನಾಲ್ಕು ಕುಚ್ಚುಗಳು ಉಳಿದಿದ್ದವು. ಸ್ಟುಡಿಯೋದ ಒಳಕೋಣೆಯಲ್ಲಿ ತಾಯಿ ವಿಗ್ಗನ್ನು ಅವಕ್ಕೇ ಪಿನ್ನುಗಳಿಂದ ಸಿಕ್ಕಿಸಿದಳು. ನೋಡಿದವರಿಗೆ ಅನುಮಾನವೇ ಬಾರದಂತಿತ್ತು. ಅಷ್ಟರಲ್ಲಿ ಫೋಟೋಗ್ರಾಫರ್ ಆಳೆತ್ತರದ ಫ್ಯಾನೊಂದನ್ನು ಎಳೆದು ತಂದ.

"ಫ್ಯಾನ್ ಬೇಡ ಸಾರ್, ನಂಗೆ ಶೀತ."

"ಕೂದ್ಲು ಹಾರ್ದೆ ಇದ್ರೆ ಹೇಗ್ರೀ? ಇದೇನು ಬ್ಯಾಂಕ್ ನೌಕರರ ಸಂಘದ ಫೋಟೋನಾ?"

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಫ್ಯಾನ್ ತಿರುಗಿತು. ಒಂದು ಪಿನ್ನು ಜಾರಿದ್ದು ಕೆಂಚನಿಗೆ ತಿಳಿಯಿತು. ಎರಡೂ ಕೈಗಳಿಂದ ತಲೆಯನ್ನು ಅದುಮಿ ಹಿಡಿದ.

"ತಲೆ ಯಾಕೋ ಹಿಡ್ಕೊಂಡಿದ್ದೀಯ? ಕೈ ಬಿಡೋ!" ದೊರೆ ಗದರಿದ.

ಕೈ ಬಿಟ್ಟ. ವಿಗ್ಗು ಹಾರಿ ಹೋಗಿ ದೀಪದ ಕಂಬದ ಬುಡಕ್ಕೆ ಬಿತ್ತು.

ಫೋಟೋಗ್ರಾಫರ್ ಫ್ಯಾನ್ ಆರಿಸಿದ. ಯಾರೂ ನಗಲಿಲ್ಲ. ಭಾವನೂ ನಗಲಿಲ್ಲ.

"ಫೋಟೋಗೆ ಬೇರೆ ಯಾರನ್ನಾದ್ರೂ ನಿಲ್ಲಿಸ್ಕೊಳ್ಳಿ," ಎಂದ ಕೆಂಚ, ನೆಲ ನೋಡುತ್ತ. "ಹಾಡಿಂದ ಮಾತ್ರ ನನ್ನ ಗಿಟಾರ್ ತೆಗೀಬೇಡಿ."

ದೊರೆ ವಿಗ್ಗನ್ನು ಎತ್ತಿಕೊಂಡ. "ಮೊದ್ಲೇ ಹೇಳೋಕೆ ಏನಾಗಿತ್ತೋ? ನಾನೇನು ರಾಕ್ಷಸನಾ?"

"ಆ ಬಾಸಿನವನನ್ನ ನೀನು ಕಳಿಸಿದ್ದು ಮರೆತಿಲ್ಲ ನಾನು."

ದೊರೆಯ ಮುಖ ಸಣ್ಣಗಾಯಿತು. ವಿಗ್ಗಿನ ಧೂಳನ್ನು ಸುಮ್ಮಸುಮ್ಮನೆ ಕೊಡವಿದ. "ಅವತ್ತು ನಾನು ಮಾಡಿದ್ದು ಸರಿಯಲ್ಲ," ಎಂದ ಕೊನೆಗೆ. "ಟೋಪಿ ಹಾಕ್ಕೊಂಡು ಹಿಂದೆ ನಿಲ್ತೀಯಾ?"

"ಇಲ್ಲ. ನಿಂತ್ರೆ ಮುಂದೆ. ಆಗಲ್ಲ ಅಂದ್ರೆ ಮನೆಗೆ ಹೋಗ್ತೀನಿ."

ದೊರೆ ಅವನನ್ನೇ ದಿಟ್ಟಿಸಿ ನೋಡಿ, ಒಳಕೋಣೆಯ ಬಾಗಿಲ ಕಡೆ ತಿರುಗಿ ಕೆಂಚನ ತಾಯಿಯನ್ನು ಕೂಗಿದ: "ಅಮ್ಮಾ, ಸ್ವಲ್ಪ ಬನ್ನಿ ಇಲ್ಲಿ!"

ತಾಯಿ ಉಳಿದ ಕುಚ್ಚುಗಳನ್ನೂ ಬೋಳಿಸಿ, ನುಣ್ಣನೆಯ ತಲೆಗೆ ಬೆಳ್ಳಿಯ ಮಿನುಗುಪುಡಿ ಹಚ್ಚಿದಳು. ಅವಳ ಕಣ್ಣು ತುಂಬಿತ್ತು. ಕೈ ಮಾತ್ರ ಅಲುಗಲಿಲ್ಲ. ಫೋಟೋಗೆ ಕೆಂಚ ಎಲ್ಲರ ಮುಂದೆ ನಿಂತ.

ರೆಕಾರ್ಡ್ ಕಂಪನಿಯವರು ಫೋಟೋ ನೋಡಿ ಮೂಗು ಮುರಿದರು. ಒಪ್ಪಿಗೆ ಬರುವತನಕ ಕೆಂಚ ಫೋನ್ ಸದ್ದಾದರೆ ಬೆಚ್ಚುತ್ತಿದ್ದ. ಕೊನೆಗೆ ದೊರೆಯೇ ಹೋಗಿ ಹಟ ಹಿಡಿದು ಕೂತು ಒಪ್ಪಿಸಿ ಬಂದ. ಆಲ್ಬಮ್ ಹೊರಬಂತು. ಕೆಲವರು ಮುಖಪುಟ ನೋಡಿ ನಕ್ಕರು, ಕೆಲವರು ಅದಕ್ಕಾಗಿಯೇ ಕೊಂಡರು. ಕೂದಲು ಮತ್ತೆ ಬರಲಿಲ್ಲ.

ಮೊದಲ ಕಾರ್ಯಕ್ರಮದ ದಿನ ಪರದೆಯ ಹಿಂದೆ ಕೆಂಚ ಬೆರಳು ಹಿಸುಕಿಕೊಳ್ಳುತ್ತ ನಿಂತಿದ್ದ. ತಾಯಿ ಹತ್ತಿರ ಬಂದಳು. "ತಲೆ ಬಗ್ಗೆ ಯೋಚ್ನೆನಾ?"

"ತಲೆ ಹಾಳಾಗ್ಲಿ ಬಿಡಮ್ಮಾ," ಎಂದ ಅವನು. "ಎರಡನೇ ಹಾಡು ಹೇಗೆ ಶುರುವಾಗುತ್ತೆ ಅನ್ನೋದೇ ಮರೆತುಹೋಗಿದೆ!"